ಕೆಂಪು ಅಂದ್ರ ಮೈನಸ್

"ದಾನೇಶ್ವರಿ, ನಿನ್ನ ಬಾಯಿಗೆ ಬೀಗ ಜಡೀಬೇಕು ನೋಡು" ಅಂತ ಅವ್ವ ದಿನಾ ಬೈತಾಳ. ಹಳಿಯಾಳದಾಗ ಬಸ್ ಹತ್ತಿದ್ರ ದಾಂಡೇಲಿ ಬರೋತನಾ ನಾನು ಸುಮ್ಮನ ಕುಂತಾಕಿ ಅಲ್ಲ. ಅಂಥಾ ನನಗ ಸೆಕೆಂಡ್ ಪಿಯುಸಿ ಎಲೆಕ್ಟ್ರಾನಿಕ್ಸ್ ಪ್ರಾಕ್ಟಿಕಲ್ ದಿನ ಒಂದು ಪೂರಾ ಮಾತೂ ಹೊಂಡಲಿಲ್ಲ.

ನಮ್ಮ ಕಾಲೇಜಿನ ಲ್ಯಾಬಿನ್ಯಾಗ ಟೇಬಲ್ಲಿಗೊಂದು ಸಪ್ಲೈ ಡಬ್ಬಿ ಇರ್ತೈತಿ, ಸರ್ಕಿಟ್ಟಿಗೆ ಕರೆಂಟ್ ಕೊಡೂದು. ಹಿಂದ ಯಾವನೋ ಪುಣ್ಯಾತ್ಮ ರಿಪೇರಿ ಮಾಡಾಕ ಬಂದು ಎಲ್ಲಾ ಡಬ್ಬಿ ಒಳಗಿನ ವೈರು ಅದಲು-ಬದಲು ಮಾಡಿ ಹೋಗ್ಯಾನ. ಊರಿಗೆಲ್ಲಾ ಕೆಂಪು ಅಂದ್ರ ಪ್ಲಸ್, ಕರಿ ಅಂದ್ರ ಮೈನಸ್. ನಮಗ ಉಲ್ಟಾ. ಅದನ್ನ ಸರಿ ಮಾಡ್ಸೂದು ಬಿಟ್ಟು ನಮ್ಮ ರುದ್ರೇಶ ಸರ್ ಮೊದಲನೇ ದಿನಾನ ಹೇಳಿದ್ರು: "ಈ ಲ್ಯಾಬಿನ್ಯಾಗ ಕೆಂಪು ಅಂದ್ರ ಮೈನಸ್. ತಲ್ಯಾಗ ಇಟ್ಕೋರಿ." ಇಟ್ಕೊಂಡ್ವಿ. ನಿದ್ದಿಗಣ್ಣಾಗ ಕೇಳಿದ್ರೂ ಕೈ ಹಂಗ ಹೋಗ್ತಿತ್ತು.

ಪರೀಕ್ಷಾ ಅಂತ ಹೊಸಾ ಡಬ್ಬಿ ತರಿಸಿದ್ರು. ಸರ್ ಏನೂ ಹೇಳ್ಲಿಲ್ಲ, ನಮಗೂ ಕೇಳಬೇಕು ಅನಸ್ಲಿಲ್ಲ.

ಪರೀಕ್ಷಾ ನಡಸಾಕ ಬ್ಯಾರೆ ಊರಿಂದ ಬಂದಿದ್ದ ಎಕ್ಸ್‌ಟರ್ನಲ್ ಸರ್ ಸಿಡುಕಿನ ಮನಷ್ಯಾ. "ಯಾರರ ಮಾತಾಡಿದ್ರ, ಜಾಗಾ ಬಿಟ್ಟು ಎದ್ರ, ಡಿಬಾರ್" ಅಂದ್ರು. ಡಿಬಾರ್ ಆದ್ರ ಒಂದು ವರ್ಷ ಹಾಳು. ಎಲ್ಲಾರೂ ರೂಢಿ ಇದ್ದಂಗ ಬೋರ್ಡಿನ ಮ್ಯಾಲ ಸರ್ಕಿಟ್ ಜೋಡಿಸಿ ಮುಗಿಸಿದ್ವಿ. ಅವರು ಒಂದೊಂದು ಬೋರ್ಡ್ ನೋಡ್ತಾ ಬಂದ್ರು, ಡಬ್ಬಿ ಕಡೆ ಯಾರೂ ನೋಡ್ಲಿಲ್ಲ. ಆಮ್ಯಾಲ ಮೇನ್ ಸ್ವಿಚ್ ಹಾಕಿದ್ರು.

ನನ್ನ ಮೀಟರಿನ ಮುಳ್ಳು ಬಲಕ್ಕ ಹೋಗೂದು ಬಿಟ್ಟು ಎಡಕ್ಕ ಬಡೀತು. ಅಯ್ಯ ಶಿವನ! ಹೊಸಾ ಡಬ್ಬ್ಯಾಗ ಕೆಂಪು ಅಂದ್ರ ಪ್ಲಸ್ಸ! ಬೋರ್ಡಿನ ಮ್ಯಾಲಿನ ಕೆಪಾಸಿಟರ್ ಮುಟ್ಟಿದೆ, ಚುರ್ ಅಂತು. ಅದಕ್ಕ ಕರೆಂಟ್ ಉಲ್ಟಾ ಕೊಟ್ರ ಕಾಯ್ದು ಕಾಯ್ದು ಪಟಾಕಿ ಹಂಗ ಸಿಡೀತೈತಿ. ತಲಿ ಎತ್ತಿ ನೋಡ್ತೇನಿ, ಎಲ್ಲಾ ಟೇಬಲ್ಲಿನ್ಯಾಗೂ ಕೆಂಪು ವೈರು ಮೈನಸ್ಸಿಗೆ! ಬಾಜೂಕ ಅಂಬೇವಾಡಿಯ ಗುಲ್ಶನ. ಆಕಿಗೆ ದೂರದ್ದು ಕಾಣೂದಿಲ್ಲ, ಮೂಗು ಬೋರ್ಡಿಗೆ ತಾಗೂವಂಗ ಬಗ್ಗಿ ಕುಂತಿದ್ಲು. ಆಕಿ ಕಣ್ಣಿನ ಕೆಳಗ ಅದ ಕೆಪಾಸಿಟರ್.

ಒದರಬೇಕು ಅಂದ್ರ ಗಂಟಲಾಗ ಏನೂ ಇಲ್ಲ. ಓಡಿ ಹೋಗಿ ಮೇನ್ ಎಳದುಬಿಟ್ಟೆ.

"ಏಯ್! ಯಾರವ್ವಾ ನೀ?" ಎಕ್ಸ್‌ಟರ್ನಲ್ ಕೆಂಡ ಆದ್ರು. "ಹೊರಗ ನಡಿ. ಡಿಬಾರ್!"

"ಕೆಂಪು... ಸರ್, ಕೆಂಪು..." ಇಷ್ಟ ಬಂತು ನನ್ನ ಬಾಯಿಂದ.

"ಏನಂತಾಳ್ರೀ ಈಕಿ?" ಅಂತ ಅವರು ರುದ್ರೇಶ ಸರ್ ಕಡೆ ತಿರಗಿದ್ರು.

ರುದ್ರೇಶ ಸರ್ ಡಬ್ಬಿ ನೋಡಿದ್ರು, ನನ್ನ ನೋಡಿದ್ರು. ಅವರ ಮಾರಿ ಸುಣ್ಣ ಬಳದಂಗ ಆತು. ನನ್ನ ಜೀವಾ ತಿರುಗಿ ಬಂತು, ಈಗ ಹೇಳ್ತಾರ ಅಂತ. ಖರೇ ಹೇಳಿದ್ರ ತಪ್ಪು ತಮ್ಮ ಮ್ಯಾಲ ಬರ್ತೈತಿ ಅನಸ್ತೋ ಏನೋ, "ಏನಿಲ್ರಿ ಸರ್" ಅಂದ್ರು, "ಭಾಳ ಅಂಜಬುರಕಿ ಹುಡುಗಿ ಐತ್ರಿ. ಗಾಬರ್ಯಾಗಿ ಬಂದ್ ಮಾಡ್ಯಾಳ. ನೀವು ಮುಂದ ನಡಸ್ರಿ."

ಎಕ್ಸ್‌ಟರ್ನಲ್ ಮೇನ್ ಮ್ಯಾಲ ಕೈ ಇಟ್ರು. ನಾನು ಅವರ ತೋಳು ಹಿಡಕೊಂಡೆ, ಕೊಡವಿ ಹಾಕಿದ್ರು. ಮುಗೀತು, ಅಂದ್ಕೊಂಡೆ.

"ಸರ್, ಒಂದು ನಿಮಿಷ್ರಿ."

ಗುಲ್ಶನ ಎದ್ದು ನಿಂತಿದ್ಲು. ವರ್ಗದಾಗ ಹಾಜರಿ ಬಿಟ್ಟು ಬ್ಯಾರೆ ಮಾತಾಡದ ಹುಡುಗಿ. ಆಕಿ ಕೆಪಾಸಿಟರ್ ಮ್ಯಾಲಿಂದ ಬೆರಳು ತಗದು ಓಢಣಿಗೆ ಒತ್ತಿಕೊಂಡ್ಲು, ಸುಟ್ಟಿತ್ತು ಅಂತ ಕಾಣ್ತೈತಿ.

"ಮೇನ್ ಹಾಕ್ರಿ ಸರ್, ಬ್ಯಾಡ ಅನ್ನೂದಿಲ್ಲ. ಆದ್ರ ಮೊದಲು ರುದ್ರೇಶ ಸರ್ ಬಂದು ನನ್ನ ಜಾಗಾದಾಗ ಕುಂದರ್ಲಿ. ನಾ ಬಗ್ಗಿದಂಗ ಬೋರ್ಡಿನ ಮ್ಯಾಲ ಮಾರಿ ಇಡ್ಲಿ. ಆಮ್ಯಾಲ ಹಾಕ್ರಿ."

ಎಕ್ಸ್‌ಟರ್ನಲ್ ನಕ್ಕುಬಿಟ್ರು. "ಕುಂದರ್ರಿ ಮಾಸ್ತರ, ಹುಡುಗ್ಯಾರದು ಅಂಜಿಕಿ ಹೋಗ್ಲಿ" ಅಂದ್ರು.

ರುದ್ರೇಶ ಸರ್ ಆಕಿ ಟೇಬಲ್ಲಿನ ತನಕಾ ಬಂದ್ರು. ಸ್ಟೂಲ್ ಎಳದ್ರು. ಕುಂದರ್ಲಿಲ್ಲ. ಎಕ್ಸ್‌ಟರ್ನಲ್ ಬೆರಳು ಸ್ವಿಚ್ಚಿನ ಮ್ಯಾಲ ಸ್ವಲ್ಪ ಅಲಗಾಡ್ತು ಅಷ್ಟ, ಸರ್ ಎರಡೂ ಕೈಲೆ ಮಾರಿ ಮುಚ್ಚಿಕೊಂಡು ಹಿಂದಕ್ಕ ಹಾರಿದ್ರು.