ಧೂಳು ಸಂಘಕ್ಕೆ ಅತ್ತೆ ಬಂದದ್ದು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಭಾನುವಾರ ರಜೆ. ಆದರೂ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಅದರ ಬಾಗಿಲು ತೆರೆಯುತ್ತಿತ್ತು. ರೋಗಿಗಳು ಕಾಯುವ ಕುರ್ಚಿಗಳಲ್ಲಿ ಹಲ್ಲುನೋವಿಲ್ಲದ ಏಳೆಂಟು ಮಂದಿ ಬಂದು ಕೂರುತ್ತಿದ್ದರು. ವಾರವೆಲ್ಲ ಹಲ್ಲುಜ್ಜುವ ಕ್ರಮ ತೋರಿಸುತ್ತಿದ್ದ ಗೋಡೆಯ ಟಿವಿಯಲ್ಲಿ ಆಗ ಕುದುರೆಗಳು ಓಡುತ್ತಿದ್ದವು, ಗುಂಡುಗಳು ಹಾರುತ್ತಿದ್ದವು. ಇಟಲಿಯವರು ಹಿಂದೆ ತೆಗೆದ ಕೌಬಾಯ್ ಸಿನಿಮಾಗಳೆಂದರೆ ಇವರಿಗೆಲ್ಲ ಪ್ರಾಣ. ಅವುಗಳಲ್ಲಿ ಮಾತಿಗಿಂತ ಧೂಳೇ ಹೆಚ್ಚೆಂದು ಮನೆಯವರು ಈ ಕೂಟಕ್ಕೆ ‘ಧೂಳು ಸಂಘ’ ಎಂದು ಹೆಸರಿಟ್ಟಿದ್ದರು.

ಸಂಘದ ಎರಡು ಕಂಬಗಳೆಂದರೆ ಡಾಕ್ಟರು ಮತ್ತು ಅವರ ಷಡ್ಡಕ. ಷಡ್ಡಕನದು ಅದೇ ಬೀದಿಯಲ್ಲಿ ಕನ್ನಡಕದ ಅಂಗಡಿ. ಅಕ್ಕನನ್ನು ಅವರು, ತಂಗಿಯನ್ನು ಇವನು ಮದುವೆಯಾಗಿ ಇಪ್ಪತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಒಬ್ಬರಿಗೊಬ್ಬರು ಒಂದು ಗಟ್ಟಿ ಮಾತಾಡಿದವರಲ್ಲ.

ಅವರಿಬ್ಬರ ನಡುವೆ ಜಗಳ ಹುಟ್ಟಿಸಿದ್ದು ಒಂದು ಮಗು. ಆ ಭಾನುವಾರದ ಸಿನಿಮಾದಲ್ಲಿ ಆರೇಳು ವರ್ಷದ ಹುಡುಗನೊಬ್ಬನ ಅಪ್ಪನನ್ನು ಗುಂಡಿಕ್ಕಿ ಕೊಲ್ಲುತ್ತಾರೆ. ಹುಡುಗ ಹೆಣದ ಪಕ್ಕ ನಿಂತು ಅಳುತ್ತಾನೆ.

“ಈ ಸಿನಿಮಾಗಳಿಗೆ ಮಕ್ಕಳನ್ನ ತರಲೇಬಾರದು ಕಣ್ರೀ,” ಎಂದ ಅಂಚೆಯವನು. “ಮಗು ಬಂತು ಅಂದ್ರೆ ಹೀರೋ ಪಿಸ್ತೂಲಿಗೆ ತುಕ್ಕು ಹಿಡೀತು ಅಂತಲೇ ಅರ್ಥ.”

ಬೇಕರಿಯಾಕೆ ಒಪ್ಪಲಿಲ್ಲ. “ಮಗು ಇಲ್ದಿದ್ರೆ ಅವನ ಎದೇಲೂ ಏನೋ ಇದೆ ಅಂತ ಹೇಗ್ರೀ ಗೊತ್ತಾಗೋದು? ಅವನಂತೂ ಬಾಯಿಬಿಟ್ಟು ಹೇಳೋ ಪೈಕಿ ಅಲ್ಲ!”

ಡಾಕ್ಟರು ಎದ್ದು ಸಿನಿಮಾ ನಿಲ್ಲಿಸಿದರು. ಪೆನ್ನಿನ ತುದಿಯಿಂದ ಹುಡುಗನ ಬಾಯಿ ತೋರಿಸಿದರು. “ದೂರದಿಂದ ತೆಗೆದಾಗ ಮುಂದಿನ ಹಲ್ಲು ಇಲ್ಲ, ಬರೀ ಕಿಂಡಿ. ಹತ್ತಿರದಿಂದ ತೋರಿಸೋವಾಗ ನೋಡಿ, ಹೊಸ ಹಲ್ಲು ಅರ್ಧ ಬಂದಿದೆ. ಅಂದ್ರೆ ಒಂದೆರಡು ತಿಂಗಳು ಬಿಟ್ಟು ಅಳಿಸಿದ್ದಾರೆ. ಇದು ಈರುಳ್ಳಿ ಅಳು!”

“ಅಷ್ಟು ದಿನ ಬಿಟ್ಟೂ ಹಂಗೆ ಅಳ್ತಾನೆ ಅಂದ್ರೆ ಅದೇ ಅಲ್ವಾ ಭಾವ, ನಟನೆ ಅಂದ್ರೆ?” ಎಂದ ಷಡ್ಡಕ. “ಬಾಯಿ ವಿಷಯ ಬಿಡಿ, ಅದಕ್ಕೆ ಇನ್ಯಾರೋ ಧ್ವನಿ ಕೊಟ್ಟಿರ್ತಾರೆ. ಕಣ್ಣು ನೋಡಿ. ಕಣ್ಣಿಗೆ ಡಬ್ಬಿಂಗ್ ಇಲ್ಲ.”

“ಮಕ್ಕಳ ಅಳು ನನಗೆ ಹೇಳಿಕೊಡಬೇಡ. ದಿನಕ್ಕೆ ಹತ್ತು ಮಕ್ಕಳು ನನ್ನ ಕುರ್ಚೀಲಿ ಅಳ್ತವೆ.”

“ಅಳಿಸೋರಿಗೆ ಅಳುವಿನ ಬೆಲೆ ಏನು ಗೊತ್ತು!”

ತಮಾಷೆಗೆ ಆಡಿದ ಮಾತು, ಆದರೆ ನಾಟಬಾರದ ಜಾಗದಲ್ಲಿ ನಾಟಿತು. ಮಕ್ಕಳಿಗೆ ನೋವಾಗಬಾರದೆಂದು ಸೂಜಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕಥೆ ಹೇಳುವವರು ಡಾಕ್ಟರು. ಅವರ ಕಿವಿ ಕೆಂಪಾಯಿತು. “ಕನ್ನಡಕ ಮಾರಿದ ಮಾತ್ರಕ್ಕೆ ಕಣ್ಣು ಕಾಣತ್ತೆ ಅಂತೇನಿಲ್ಲ,” ಎಂದುಬಿಟ್ಟರು. ಷಡ್ಡಕ ತಾನು ತಂದಿದ್ದ ಸಿನಿಮಾದ ಡಿಸ್ಕನ್ನು ಹೊರತೆಗೆದು, ಅಂಗಿಯ ಜೇಬಿಗೆ ತುರುಕಿಕೊಂಡು ಹೊರಟೇಹೋದ.

ಮುಂದಿನ ಮೂರು ಭಾನುವಾರ ಕ್ಲಿನಿಕ್ಕಿನ ಬಾಗಿಲು ತೆರೆಯಲಿಲ್ಲ. ಅದರ ಬಿಸಿ ತಟ್ಟಿದ್ದು ಅಕ್ಕತಂಗಿಯರಿಗೆ. ಭಾನುವಾರ ಮಧ್ಯಾಹ್ನವೆಂದರೆ ಅವರಿಬ್ಬರದೇ ಹೊತ್ತಾಗಿತ್ತು. ಈಗ ಗಂಡಂದಿರು ಮನೆಯಲ್ಲೇ! ಡಾಕ್ಟರು ಹೆಂಡತಿ ಬಾಯಿ ಮುಕ್ಕಳಿಸುವುದನ್ನು ಪಕ್ಕದಲ್ಲೇ ನಿಂತು ತಿದ್ದಿದರು. ಷಡ್ಡಕ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟ. ತಂಗಿಗೆ ಆಮೇಲೆ ಎರಡು ದಿನ ಉಪ್ಪು ಸಿಗಲಿಲ್ಲ.

“ಅಕ್ಕಾ, ಇನ್ನೊಂದು ಭಾನುವಾರ ಅಂದ್ರೆ ನಾನೇ ಪಿಸ್ತೂಲು ಹಿಡೀತೀನಿ,” ಎಂದಳು ತಂಗಿ.

“ಅಮ್ಮನ್ನ ಕರ್ಕೊಂಡು ಬರೋಣ,” ಎಂದಳು ಅಕ್ಕ.

ಅವರಮ್ಮ ಮೂವತ್ತೆರಡು ವರ್ಷ ಶಿಶುವಿಹಾರ ನಡೆಸಿದಾಕೆ. ದುಡಿಯುವ ತಾಯಂದಿರು ಬೆಳಿಗ್ಗೆ ಬಿಟ್ಟುಹೋದ ಕೂಸುಗಳನ್ನು ಸಂಜೆಯ ತನಕ ನೋಡಿಕೊಂಡ ಕೈ. ಬಾಯಲ್ಲಿದ್ದದ್ದು ದೊಡ್ಡ ಅಳಿಯ ಕೂರಿಸಿದ ಹಲ್ಲು, ಮೂಗಿನ ಮೇಲಿದ್ದದ್ದು ಚಿಕ್ಕ ಅಳಿಯ ಕೊಟ್ಟ ಕನ್ನಡಕ. ಒಬ್ಬ ಅಳಿಯನ ಪಕ್ಷ ವಹಿಸುತ್ತಾಳೆಂದು ಯಾರೂ ಅನುಮಾನಿಸುವಂತಿರಲಿಲ್ಲ. ಆಕೆ ಸಂಘವನ್ನು ಕೂಡಿಸಲು ಹೇಳಿಕಳಿಸಿದಾಗ ಅಳಿಯಂದಿರಿಬ್ಬರೂ ಮರುಮಾತಾಡದೆ ಬಂದರು. ಡಾಕ್ಟರು ಎಡಗೋಡೆಗೆ, ಷಡ್ಡಕ ಬಲಗೋಡೆಗೆ ಒರಗಿ ನಿಂತರು.

ಅತ್ತೆ ಮುಂದಿನ ಸಾಲಿನಲ್ಲಿ ಕೂತು ಅದೇ ಸಿನಿಮಾ ನೋಡತೊಡಗಿದಳು. ಬಂದೂಕಿನ ಸಿನಿಮಾ ಆಕೆಗೆ ಇದೇ ಮೊದಲು. “ಆ ಕುದುರೆಗೆ ನೀರು ಕೊಟ್ರಾ?” ಎಂದು ನಡುವೆ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಅಳುವ ದೃಶ್ಯ ಬಂತು, ಮುಗಿಯಿತು.

“ಮತ್ತೆ ಹಾಕಪ್ಪ,” ಎಂದಳು. ಮೂರು ಸಲ ಹಾಕಿಸಿದಳು.

“ಇದು ಈರುಳ್ಳಿ ಅಳು ಅಲ್ಲಪ್ಪ,” ಎಂದಳು ದೊಡ್ಡ ಅಳಿಯನಿಗೆ. ಷಡ್ಡಕನ ಮುಖ ಅರಳಿತು. “ನಟನೆಯೂ ಅಲ್ಲ,” ಎಂದಳು ಅವನ ಕಡೆ ತಿರುಗಿ. “ಮಗು ಎಲ್ಲಿ ನೋಡ್ತಿದೆ ನೋಡಿ. ಸತ್ತೋನು ನೆಲದ ಮೇಲಿದ್ದಾನೆ, ಇದು ಮೇಲೆ ನೋಡ್ತಿದೆ. ಹಿಮ್ಮಡಿ ಎತ್ತಿದೆ, ಕಾಣಿಸ್ತಾ? ಯಾರಾದ್ರೂ ಎತ್ಕೊಳ್ಳಲಿ ಅನ್ನೋ ಮಕ್ಕಳು ಹಾಗೇ ನಿಲ್ಲೋದು. ಕ್ಯಾಮೆರಾ ಪಕ್ಕ ಅದರಮ್ಮ ಬಂದಿದ್ದಾಳೆ.”

“ಅಮ್ಮ ಬಂದ್ರೆ ನಗಬೇಕಲ್ವಾ ಅತ್ತೆ?” ಎಂದ ಷಡ್ಡಕ.

“ಅದೇ ನಿಮಗೆ ಗೊತ್ತಿಲ್ಲದ್ದು. ದಿನವೆಲ್ಲ ಜಾಣರಾಗಿ ಆಡ್ಕೊಂಡಿರ್ತವೆ. ಸಂಜೆ ಬಾಗಿಲಲ್ಲಿ ಅಮ್ಮನ ಮುಖ ಕಂಡ ತಕ್ಷಣ ತುಟಿ ನಡುಗತ್ತೆ, ಕಟ್ಟೆ ಒಡೆಯತ್ತೆ. ಬೆಳಗಿನಿಂದ ತಡೆದಿಟ್ಟ ಅಳು ಅದು. ಮೂವತ್ತೆರಡು ವರ್ಷ ದಿನಾ ಸಂಜೆ ನೋಡಿದ್ದೀನಿ. ಎಷ್ಟು ದಿನವಾಗಿತ್ತೋ ಪಾಪ, ಅಮ್ಮನ್ನ ನೋಡಿ.”

ಬೇಕರಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಷಡ್ಡಕ ಕಾಲಿನ ಹೆಬ್ಬೆರಳು ನೋಡಿಕೊಂಡು, “ಭಾವ, ಅವತ್ತು ನಾನು ಹಂಗೆ ಅನ್ನಬಾರದಿತ್ತು,” ಎಂದ.

“ನಾನೂ ಕಡಿಮೆ ಅನ್ನಲಿಲ್ಲ ಬಿಡು,” ಎಂದರು ಡಾಕ್ಟರು. ಎಡಗೋಡೆ ಬಿಟ್ಟು ಬಂದು ಅವನ ಪಕ್ಕ ನಿಂತರು. ಒಂದು ಗಳಿಗೆಯ ಮೇಲೆ ತಡೆಯಲಾಗಲಿಲ್ಲ. “ಆದ್ರೂ ಅದು ನಟನೆ ಅಲ್ಲ ಅಂತ ಆಯ್ತಲ್ಲ?”

“ನಿಜವಾದ ಅಳು ಅಂತಲೂ ಆಯ್ತಲ್ಲ ಭಾವ!”

“ಶ್ಶ್! ಮುಂದೇನಾಗತ್ತೆ ನೋಡಬೇಕು, ಸುಮ್ನಿರಿ ಇಬ್ರೂ,” ಎಂದು ಅತ್ತೆ ಗದರಿದಳು.

ಹಿಂದಿನ ಸಾಲಿನಲ್ಲಿದ್ದ ಅಕ್ಕತಂಗಿಯರು ಸದ್ದಿಲ್ಲದೆ ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ಮೆಟ್ಟಿಲಿಳಿದು ನಡೆದರು. ಪರದೆಯ ಮೇಲೆ ಹೀರೋ ಹುಡುಗನನ್ನು ಕುದುರೆಯ ಮೇಲೆ ಕೂರಿಸಿಕೊಂಡು ಮರಳುಗಾಡಿನೊಳಕ್ಕೆ ಹೊರಟ. ಸಂಘದವರೆಲ್ಲ ಎಂದಿನಂತೆ ಮೈಮರೆತು ನೋಡುತ್ತಿದ್ದರು.

“ಅಯ್ಯೋ, ಇವನೇನು ಮನುಷ್ಯನೋ!” ಎಂದಳು ಅತ್ತೆ. “ಹೊತ್ತು ಮುಳುಗ್ತಿದೆ, ಗಾಳಿ ಬೀಸ್ತಿದೆ. ತಾನು ಮಾತ್ರ ಅಷ್ಟು ದೊಡ್ಡ ಕಂಬಳಿ ಹೊದ್ಕೊಂಡಿದ್ದಾನೆ, ಮಗುವಿನ ತಲೆಗೊಂದು ಟೋಪಿ ಇಲ್ಲ!”