ತುಟಿ ದಾಟದ ಹಾಡು

ಕೆಂಪು ದೀಪ ಹತ್ತಿತು. ಹೆಡ್‌ಫೋನಿನಲ್ಲಿ ಗಿಟಾರು, ಡ್ರಮ್ಮು ತೂಗಾಡುತ್ತ ಬಂದವು. ನಟಿ ಮೈಕಿನ ಮುಂದೆ ನಿಂತು ಬಾಯಿ ತೆರೆದಳು. ಹಾಡಿನ ಒಂದೊಂದು ಮಾತಿಗೂ ತುಟಿ ಚಾಚೂ ತಪ್ಪದೆ ಆಡಿತು, ಹುಬ್ಬು ಗಂಟಿಕ್ಕಿತು, ಕಣ್ಣಂಚಿನಲ್ಲಿ ನೀರೂ ಬಂತು. ದನಿ ಮಾತ್ರ ಬರಲಿಲ್ಲ.

ಗಾಜಿನ ಆಚೆಗಿದ್ದ ರೆಕಾರ್ಡಿಂಗ್ ಎಂಜಿನಿಯರ್ ಮೊದಲು ತನ್ನ ತಂತಿಗಳನ್ನೇ ಅನುಮಾನಿಸಿ ಒಂದೊಂದನ್ನೂ ಎಳೆದು ನೋಡಿದ. ಮೂರನೆಯ ಸಲವೂ ಹಾಗೇ ಆದಾಗ, "ಮೇಡಂ, ನೀವು ಹಾಡ್ತಾ ಇಲ್ಲ," ಎಂದ. ನಿದ್ದೆಯಲ್ಲಿ ನಡೆಯುವವರನ್ನು ಎಬ್ಬಿಸುವಷ್ಟು ಮೆಲ್ಲಗೆ.

"ಹಾಡಿದ್ನಲ್ಲ!" ಎಂದವಳೇ ನಟಿ ಗಂಟಲು ಮುಟ್ಟಿಕೊಂಡಳು. ಹಾಡಿರಲಿಲ್ಲ. ಅದು ಅವಳಿಗೂ ಆಗಲೇ ಗೊತ್ತಾದದ್ದು.

ಇಪ್ಪತ್ತಾರು ವರ್ಷದ ರೂಢಿ ಅದು. ಮೊದಲ ಸಿನಿಮಾದ ನಿರ್ದೇಶಕರು ಅವಳ ದನಿ ಕೇಳಿ, "ಮುಖ ಹುಣ್ಣಿಮೆ, ದನಿ ಗರಗಸ," ಎಂದಿದ್ದರು. ಅಂದಿನಿಂದ ಪರದೆಯ ಮೇಲೆ ಅವಳ ಮಾತು ಒಬ್ಬಾಕೆಯದು, ಹಾಡು ಇನ್ನೊಬ್ಬಾಕೆಯದು. ಚಿತ್ರೀಕರಣದಲ್ಲಿ ಹಾಡನ್ನು ಜೋರಾಗಿ ಹಾಕುತ್ತಿದ್ದರು, ಇವಳು ತುಟಿ ಕೂಡಿಸಬೇಕು. ದನಿ ತೆಗೆದರೆ ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗುತ್ತದೆಂದು ಉಸಿರನ್ನು ಒಳಗೇ ಕಟ್ಟಿಡುವುದನ್ನು ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ಈಗ ಬಿಚ್ಚಲು ಹೋದರೆ ಗಂಟು ಸಿಗುತ್ತಿಲ್ಲ.

ಬಿಚ್ಚಲು ಇವತ್ತೊಂದೇ ದಿನ. ದನಿಯ ತಂತುವಿನ ಮೇಲೆ ಅವರೆಕಾಳಿಗಿಂತ ಚಿಕ್ಕದೊಂದು ಗಂಟು ಎದ್ದಿತ್ತು, ನಾಳೆ ಬೆಳಿಗ್ಗೆ ಏಳಕ್ಕೆ ಅದನ್ನು ತೆಗೆಯುವವರಿದ್ದರು. ದನಿ ಉಳಿಯಬಹುದು, ಬದಲಾಗಬಹುದು, ಹೋಗಲೂಬಹುದು ಎಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದ್ದರು. ತನ್ನದೇ ದನಿಯ ಒಂದು ಹಾಡಾದರೂ ಉಳಿಯಲಿ ಎಂದು ಇವಳು ಹಟ ಹಿಡಿದಾಗ, ಅರ್ಧ ಗಂಟೆ, ಹೆಚ್ಚು ಬೇಡ ಎಂದಿದ್ದರು. ಅಮೆರಿಕದ ಕಪ್ಪು ಜನರ ಬ್ಲೂಸ್ ಎಂಬ ಸಂಕಟದ ಹಾಡನ್ನು ಹಾಡುವವರ ದನಿ ಒಡೆದಿದ್ದರೂ ನಡೆಯುತ್ತದೆ, ಒಡೆದಲ್ಲೇ ಅದರ ಜೀವ ಎಂದು ಎಲ್ಲೋ ಕೇಳಿದ್ದೇ ಇವಳಿಗೆ ಧೈರ್ಯ ಕೊಟ್ಟಿತ್ತು. ಆ ಧೈರ್ಯ ಮನೆಯಲ್ಲಿತ್ತು. ಇಲ್ಲಿಗೆ ಬರುವಷ್ಟರಲ್ಲಿ ದಾರಿಯಲ್ಲೇ ಎಲ್ಲೋ ಇಳಿದುಹೋಗಿತ್ತು.

ಮೂಲೆಯಲ್ಲಿ ಬಿಸಿನೀರಿನ ಫ್ಲಾಸ್ಕು ಹಿಡಿದು ಕೂತಿದ್ದ ಅಕ್ಕ ಬಾಯಿ ಹಾಕಿದಳು. "ಮೂರು ಸಲ ಹಾಡಿದ್ಲು, ಡಾಕ್ಟರ್ ಕೊಟ್ಟ ಅರ್ಧ ಗಂಟೇಲಿ ಒಂದು ನಿಮಿಷಾನೂ ಮುಗೀಲಿಲ್ಲ. ಉಳಿತಾಯ ಅಂದ್ರೆ ಇದು!"

"ಅಕ್ಕಾ, ಸುಮ್ನಿರೇ."

"ಅಲ್ಲ ಕಣೇ, ನನ್ನ ಮೇಲೆ ರೇಗೋವಾಗ ಬೀದಿ ಕೊನೆವರೆಗೂ ಕೇಳ್ಸತ್ತೆ. ಈ ಮೈಕಿಗೆ ಯಾಕಿಷ್ಟು ಮರ್ಯಾದೆ?"

ನಗು ಬರಬೇಕಿತ್ತು, ಬರಲಿಲ್ಲ. ಇವತ್ತು ಬರದಿದ್ದರೆ? ನಾಳೆ ಎಚ್ಚರವಾದ ಮೇಲೂ ಬರದಿದ್ದರೆ? ತನ್ನ ದನಿ ಹೇಗಿತ್ತು ಎನ್ನುವುದಕ್ಕೆ ಈ ಲೋಕದಲ್ಲಿ ಒಂದು ಸಾಕ್ಷಿಯೂ ಉಳಿಯುವುದಿಲ್ಲವಲ್ಲ ಎನಿಸಿತು.

ಅದೇ ಕೋಣೆಯಲ್ಲಿ ಡ್ರಮ್ಮಿನವನ ಪಕ್ಕ ಕೂತು ಗಿಟಾರು ಬಾರಿಸುತ್ತಿದ್ದ ಮುದುಕರು ಎದ್ದು ಬಂದರು. ಅವಳ ಕಿವಿಯ ಮೇಲಿದ್ದ ಹೆಡ್‌ಫೋನನ್ನು ಕೇಳದೆಯೇ ತೆಗೆದು ಕುರ್ಚಿಯ ಮೇಲಿಟ್ಟರು.

"ತಪ್ಪು ನಮ್ದೇ ತಾಯಿ. ನಾವು ಮೊದ್ಲು ಶುರು ಮಾಡ್ತಿದೀವಿ, ನಿಮ್ಮ ತುಟಿ ಅದರ ಹಿಂದೆ ಓಡ್ತಿದೆ. ಈಗ ನಾವು ಬಾರಿಸಲ್ಲ. ನೀವು ಮೊದ್ಲು."

"ಮೊದ್ಲು ಅಂದ್ರೆ? ಏನೂ ಇಲ್ದೆ?"

"ಏನೂ ಇಲ್ದೆ. ಒಂದು ಮಾತು ಹೇಳಿ. ಅದನ್ನೇ ಇನ್ನೊಂದ್ಸಲ ಹೇಳಿ. ಮೂರನೇದಕ್ಕೆ ಉತ್ತರ ಹೇಳಿ. ಬ್ಲೂಸ್ ಅಂದ್ರೆ ಇಷ್ಟೆ. ನೀವು ನಡೆದ ಕಡೆ ನಾವು ಬರ್ತೀವಿ."

"ಯಾವ ಮಾತು?"

"ಈಗ ಹೊಟ್ಟೇಲಿ ಏನಿದೆಯೋ ಅದು."

ಅವರು ಹಿಂದಿರುಗಿ ಗಿಟಾರು ತೊಡೆಯ ಮೇಲಿಟ್ಟುಕೊಂಡು ಕೂತರು. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಆ ಕೋಣೆಯಲ್ಲಿ ತನ್ನ ಉಸಿರೇ ಅವಳಿಗೆ ಯಾರೋ ಬೆನ್ನ ಹಿಂದೆ ನಿಂತ ಹಾಗೆ ಕೇಳಿಸಿತು. ಒಂದು ಸಿನಿಮಾಕ್ಕಾಗಿ ಸಾವಿರ ಜನರ ಎದುರು ಸೇತುವೆಯಿಂದ ಧುಮುಕಿದವಳು ಅವಳು, ಆದರೆ ಆಗ ಕೆಳಗೆ ಬಲೆ ಹಿಡಿದವರಿದ್ದರು. ಇಲ್ಲಿ ಹಿಡಿಯುವವರೆಲ್ಲ ಕೈಕಟ್ಟಿ ಕೂತು ಅವಳನ್ನೇ ನೋಡುತ್ತಿದ್ದಾರೆ. ಓಡಿಹೋಗಲು ಬಾಗಿಲು ಎಷ್ಟು ಹೆಜ್ಜೆ ಎಂದು ಕಣ್ಣು ಅಳೆಯಿತು. ನಾಲ್ಕು ಹೆಜ್ಜೆ.

"ಹೆದರಿಕೆ ಆಗ್ತಿದೆ," ಎಂದಳು. ಮಾತಾಗಿ ಹೊರಟದ್ದು ಕೊನೆಯಲ್ಲಿ ಸ್ವಲ್ಪ ಎಳೆಯಿತು. ಎರಡನೆಯ ಸಲ ಅದೇ ಮಾತು ಹೊಟ್ಟೆಯಿಂದ ಎದ್ದು ಬಂತು, ಒರಟಾಗಿ, ಒದ್ದೆಯಾಗಿ, ಮರ ಕೊಯ್ಯುವ ಹಾಗೆ. ಗಿಟಾರು ಅದರ ಬಾಲ ಹಿಡಿದು ನರಳಿತು. ಡ್ರಮ್ಮಿನವನು ಬೆರಳಿನಿಂದಷ್ಟೇ ತಟ್ಟಿದ. "ಬೆಳಗಾದ್ರೆ ಅಕ್ಕಾ, ನಾನು ಯಾರ ಬಾಯಲ್ಲಿ ನಿನ್ನ ಕರೀಲಿ?" ಎಂಬ ಮೂರನೆಯ ಸಾಲು ಎಲ್ಲಿಂದ ಬಂತೋ. ಅದರ ನಡುವೆ ದನಿ ಫಟ್ಟನೆ ಒಡೆಯಿತು. 'ಕಟ್' ಎನ್ನುತ್ತಾರೆಂದು ಕಣ್ಣು ಮುಚ್ಚಿ ಕಾದಳು. ಯಾರೂ ಅನ್ನಲಿಲ್ಲ. ಗಿಟಾರು ಹೋಗುತ್ತಲೇ ಇತ್ತು. ಜೀವ ಬಾಯಿಗೆ ಬಂದಿತ್ತು, ಬಾಯಿ ಹೇಗೂ ತೆರೆದಿತ್ತು, ಹಾಡಿದಳು.

ಆಮೇಲೆ ಎಂಜಿನಿಯರ್ ಅದನ್ನು ಮತ್ತೆ ಹಾಕಿ ಕೇಳಿಸಿದ. ನಟಿ ಗೋಡೆಗೆ ಒರಗಿ ಕೇಳಿದಳು. ಚೆಂದವಿರಲಿಲ್ಲ. ಆದರೆ ಅವಳದೇ ಆಗಿತ್ತು, ಬೇರೆ ಯಾರದೂ ಆಗಲು ಸಾಧ್ಯವಿರಲಿಲ್ಲ. ಅದು ತಿಳಿದ ಕೂಡಲೇ ಹೊಸದೊಂದು ಹೆದರಿಕೆ ಹುಟ್ಟಿತು. ಬೆಳಿಗ್ಗೆಯಿಂದ ಪಟ್ಟ ಹೆದರಿಕೆ ಇದರ ಮುಂದೆ ಏನೂ ಅಲ್ಲ.

"ಅಕ್ಕಾ," ಎಂದಳು ಪಿಸುಗುಟ್ಟಿ, "ಈಗ ನಿಜವಾಗ್ಲೂ ಭಯ ಆಗ್ತಿದೆ ಕಣೇ. ನಾಳೆ ಇದು ಹೋಗ್ಬಿಟ್ರೆ?"

ಅಕ್ಕ ಹೆದರಬೇಡ ಎನ್ನಲಿಲ್ಲ. ಹೆದರಿದ ಮಗುವಿಗೆ ಆ ಮಾತು ಎಂದೂ ನಾಟುವುದಿಲ್ಲ. ಬಿಸಿನೀರು ಬಗ್ಗಿಸಿ ಲೋಟವನ್ನು ತಂಗಿಯ ಎರಡೂ ಕೈಯಲ್ಲಿಟ್ಟು, ತನ್ನ ಕೈಗಳನ್ನು ಅದರ ಮೇಲೆ ಮುಚ್ಚಿದಳು.

"ಭಯ ಆಗ್ದೆ ಇನ್ನೇನು? ಗಂಟು ಇದ್ದವರಿಗೆ ತಾನೆ ಕಳ್ಳರ ಭಯ," ಎಂದಳು. "ಕುಡಿ. ಕುಡಿದು ಇನ್ನೊಂದು ಹಾಡು."