ವೇಣೂರು ದಾಟಿ

"ಇದು ನೀವೇ ಬರೆದದ್ದಲ್ವಾ ಟೀಚರ್?" ಎಂದು ಗುಮಾಸ್ತ ಚಿನ್ನಯ್ಯನವರು ಫೈಲಿನಿಂದ ಒಂದು ಕಾಗದ ಎಳೆದು ಅವಳ ಕಡೆಗೆ ತಿರುಗಿಸಿ ಇಟ್ಟರು.

ಪ್ರೇಮಾವತಿ ಬಂಟ್ವಾಳದ ಶಾಲಾ ಇನ್ಸ್‌ಪೆಕ್ಟರರ ಕಚೇರಿಗೆ ಬಂದದ್ದು ಬಿಡುಗಡೆ ಪತ್ರಕ್ಕಾಗಿ. ಹದಿನೈದು ವರ್ಷ ಒಂದೇ ಶಾಲೆಯಲ್ಲಿ ಕಲಿಸಿದವಳಿಗೆ ಬೆಳ್ತಂಗಡಿಗೆ ವರ್ಗವಾಗಿತ್ತು. ಬರೀ ವರ್ಗವಲ್ಲ, ಹೆಡ್‌ಮಿಸ್ಟ್ರೆಸ್ ಆಗಿ. ಆರ್ಡರು ಕೈಗೆ ಬಂದ ದಿನ ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡೇ ಅಡಿಗೆ ಮಾಡಿದ್ದಳು. ಈಗ ಎದುರಿಗಿದ್ದ ಕಾಗದದಲ್ಲಿ, ಪತಿಯವರ ಉದ್ಯೋಗ ಮೂಡುಬಿದಿರೆಗೆ ಬದಲಾಗಿರುವುದರಿಂದಲೂ ಗೃಹಕೃತ್ಯದ ಹೊಣೆ ತನ್ನ ಮೇಲಿರುವುದರಿಂದಲೂ ತಾನು ಈ ಹುದ್ದೆ ವಹಿಸಿಕೊಳ್ಳಲು ಅಸಮರ್ಥಳೆಂದೂ, ಕೆಲಸಕ್ಕೆ ರಾಜೀನಾಮೆ ಕೊಡುತ್ತಿರುವುದಾಗಿಯೂ ಬರೆದಿತ್ತು. ಕೆಳಗೆ ರುಜು: ಪ್ರೇಮಾವತಿ.

ಅಕ್ಷರ ಅವಳದಲ್ಲ. 'ಪ್ರೇ'ಯ ಬಾಲವನ್ನು ಅಷ್ಟು ಉದ್ದ ಎಳೆದು ತುದಿಯಲ್ಲಿ ಕೊಕ್ಕೆ ಹಾಕುವವರು ಅವಳಿಗೆ ಗೊತ್ತಿದ್ದಂತೆ ಒಬ್ಬರೇ. ಹನ್ನೆರಡು ವರ್ಷದ ಹಿಂದೆ ಮದುವೆ ಗೊತ್ತಾದಾಗ ಬಂದ ಮೊದಲ ಪತ್ರದಲ್ಲಿ ಆ ಕೊಕ್ಕೆಯನ್ನು ಅವಳು ಎಷ್ಟೋ ಸಲ ನೋಡಿದ್ದಳು.

ಚಿನ್ನಯ್ಯನವರು ವಯಸ್ಸಾದವರು. ಅವಳ ಸಂಬಳದ ಪಟ್ಟಿಯ ರುಜುಗಳನ್ನು ವರ್ಷಗಟ್ಟಲೆ ಕಂಡವರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತ, ತಗ್ಗಿದ ಸ್ವರದಲ್ಲಿ ಹೇಳಿದರು: "ರುಜು ನನಗೆ ಸ್ವಲ್ಪ ಬೇರೆ ಕಾಣ್ತದೆ. ನಿಮ್ಮದಲ್ಲ ಅಂತ ನೀವು ಹೇಳಿದ್ರೆ ಇನ್ಸ್‌ಪೆಕ್ಟರರು ಸುಮ್ಮನೆ ಬಿಡುವುದಿಲ್ಲ. ವಿಚಾರಣೆ ಆಗ್ತದೆ, ಪೊಲೀಸಿನವರೂ ಬರಬಹುದು. ನಿಮ್ಮದು ಅಂತ ಹೇಳಿದ್ರೆ ಕೆಲಸ ಹೋಗ್ತದೆ. ಆಲೋಚನೆ ಮಾಡಿ ಹೇಳಿ ಟೀಚರ್."

ಅವಳು ಆಲೋಚನೆ ಮಾಡಲಿಲ್ಲ. ಕಿವಿಯೊಳಗೆ ಗುಂಯ್ಯೆನ್ನುತ್ತಿತ್ತು, ಅದರಲ್ಲಿ ಆಲೋಚನೆಗೆ ಜಾಗವಿರಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡು, "ಒಂದು ಬಿಳಿ ಕಾಗದ ಕೊಡಿ" ಎಂದಳು. ನಿಂತಲ್ಲಿಯೇ ಬರೆದಳು: ಮನಸ್ಸಿನ ಗೊಂದಲದಲ್ಲಿ ನಾನು ಬರೆದ ಹಿಂದಿನ ಪತ್ರವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. 'ನಾನು ಬರೆದ' ಎಂಬಲ್ಲಿ ನಿಬ್ಬು ಕಾಗದವನ್ನು ಹರಿಯಿತು. ಚಿನ್ನಯ್ಯನವರು ಇನ್ನೊಂದು ಹಾಳೆ ಕೊಟ್ಟರು.

ಒಳಗೆ ಇನ್ಸ್‌ಪೆಕ್ಟರರು ಎರಡೂ ಕಾಗದಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರು. ರುಜುಗಳನ್ನು ಅವರು ನೋಡಲೇ ಇಲ್ಲ. ಹೆಂಗಸರ ಚಂಚಲ ಬುದ್ಧಿಯ ಬಗ್ಗೆ ಮಾತಾಡಲು ಅವರಿಗೆ ಅಷ್ಟೇ ಸಾಕಾಗಿತ್ತು. ಒಂದು ವಾರದಲ್ಲಿ ಎರಡು ಮನಸ್ಸು ಮಾಡುವವರು ಇನ್ನೂರು ಮಕ್ಕಳ ಶಾಲೆ ನಡೆಸುವುದು ಹೇಗೆ ಎಂದು ಕೇಳಿದರು. ತಮ್ಮ ಸರ್ವಿಸಿನಲ್ಲಿ ಕಂಡ ಮೂರು ನಾಲ್ಕು ಟೀಚರುಗಳ ಕತೆ ಹೇಳಿದರು. ಅವಳು ಗೋಡೆಯ ಮೇಲಿನ ಭೂಪಟವನ್ನು ನೋಡುತ್ತ ಕೇಳಿದಳು. ಕೊನೆಗೆ ಅವರು ಪೆನ್ನಿನ ಮುಚ್ಚಳ ತೆಗೆದು ಕೇಳಿದರು: "ಯಜಮಾನರ ಒಪ್ಪಿಗೆ ಉಂಟೋ?"

"ಉಂಟು" ಎಂದಳು.

ಜೂನ್ ಒಂದನೇ ತಾರೀಕು ಬೆಳಿಗ್ಗೆ ಬೆಳ್ತಂಗಡಿಯಲ್ಲಿ ಹಾಜರಾಗದಿದ್ದರೆ ಮೊದಲನೆಯ ಕಾಗದವೇ ಊರ್ಜಿತವಾಗುತ್ತದೆ ಎಂದು ಬರೆದು ಅವರು ರುಜು ಹಾಕಿದರು. ಅದಕ್ಕೆ ಇನ್ನು ಒಂಬತ್ತು ದಿನವಿತ್ತು.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅವಳು ಮನೆಯ ದಾರಿ ಹಿಡಿಯಲಿಲ್ಲ. ಬಸ್ಸು ನಿಲ್ಲುವಲ್ಲಿಗೆ ನಡೆದಳು.

ಅವಳ ಗಂಡ ಸಂಕಪ್ಪ ಬಂಟ್ವಾಳದ ಅಕ್ಕಿ ಮಿಲ್ಲಿನಲ್ಲಿ ರೈಟರ್ ಆಗಿದ್ದವನು. ಧಣಿಗಳು ಮೂಡುಬಿದಿರೆಯಲ್ಲಿ ಹೊಸ ಮಿಲ್ಲು ಹಾಕಿ, ಲೆಕ್ಕಪತ್ರ ನೋಡಿಕೊಳ್ಳಲು ಅವನನ್ನು ಅಲ್ಲಿಗೆ ಕಳಿಸುವುದೆಂದು ನಿಶ್ಚಯಿಸಿದ್ದರು. ಅವನು ಯಾರಲ್ಲೂ ಹೇಳದೆ ಒಂದು ಭಾನುವಾರ ಹೋಗಿ ಜೈನ ಪೇಟೆಯ ಹತ್ತಿರ ಮನೆ ನೋಡಿ ಬಂದಿದ್ದ. ಮಿಲ್ಲಿಗೆ ಐದು ನಿಮಿಷದ ದಾರಿ, ಮಧ್ಯಾಹ್ನ ಮನೆಗೆ ಬಂದು ಬಿಸಿ ಊಟ ಮಾಡಬಹುದು ಎಂದು ಸಂತೋಷದಿಂದ ಹೇಳಿದ. ಬಿಸಿ ಊಟ ಯಾರು ಬಡಿಸುವುದು ಎಂದು ಅವಳು ಕೇಳಲಿಲ್ಲ. ತನಗೂ ಮೂಡುಬಿದಿರೆಯ ಕಡೆಗೆ ವರ್ಗ ಕೊಡಿ ಎಂದು ಅರ್ಜಿ ಹಾಕಿದಳು. ಬಂದದ್ದು ಬೆಳ್ತಂಗಡಿ.

ಆಗ ಅವಳೇ ವೇಣೂರಿನ ಮಾತು ತೆಗೆದದ್ದು. ಮೂಡುಬಿದಿರೆಗೂ ಬೆಳ್ತಂಗಡಿಗೂ ಹೆಚ್ಚುಕಡಿಮೆ ನಡುವೆ ಇರುವ ಊರು. ಅಲ್ಲಿ ಮನೆ ಮಾಡಿದರೆ ಬೆಳಿಗ್ಗೆ ಅವನು ಪಡುವಣದ ಬಸ್ಸು ಹತ್ತಬಹುದು, ತಾನು ಮೂಡಣದ್ದು. ಮಗಳು ಕಾಂತಿಗೆ ಶಾಲೆಯೂ ಉಂಟು. ಬಸ್ಸಿನ ಹೊತ್ತುಗಳನ್ನೆಲ್ಲ ವಿಚಾರಿಸಿ, ಒಂದು ಹಾಳೆಯಲ್ಲಿ ಮಕ್ಕಳಿಗೆ ಮಗ್ಗಿ ಬರೆದುಕೊಡುವ ಹಾಗೆ ಬರೆದು ತೋರಿಸಿದಳು. ಇಬ್ಬರಿಗೂ ಸಮ ಕಷ್ಟ. ಅವನು ಹಾಳೆಯನ್ನು ಬಹಳ ಹೊತ್ತು ಓದಿದ. "ನೋಡುವ" ಎಂದ. ಆ ವಾರವೇ ಈ ಕಾಗದ ಬರೆದು ಟಪಾಲಿಗೆ ಹಾಕಿರಬೇಕು.

ಬಸ್ಸಿನಲ್ಲಿ ಕುಳಿತ ಮೇಲೆ ಅವಳ ಸಿಟ್ಟು ಗಂಡನಿಂದ ತನ್ನ ಮೇಲೆಯೇ ತಿರುಗಿತು. ಸಮ ಕಷ್ಟ! ಯಾರು ಕೇಳಿದ್ದರು ಅವಳಲ್ಲಿ ಸಮಪಾಲು? ತಾನು ತಕ್ಕಡಿ ಹಿಡಿದು ಕುಳಿತಿದ್ದಾಗ ಅವನು ತಟ್ಟೆಯನ್ನೇ ಎತ್ತಿಕೊಂಡು ಹೋಗಿದ್ದ. ಪುಂಜಾಲಕಟ್ಟೆ ದಾಟುವವರೆಗೂ ಅವಳ ಕೈ ಸೆರಗಿನ ತುದಿಯನ್ನು ಹುರಿ ಮಾಡುತ್ತಲೇ ಇತ್ತು. ಪಕ್ಕದಲ್ಲಿ ಕೋಳಿಯ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು ಮೈ ಸರಿ ಇಲ್ವಾ ಎಂದು ವಿಚಾರಿಸಿದಳು. ಸರಿ ಉಂಟು ಎಂದಳು ಪ್ರೇಮಾವತಿ, ಎಷ್ಟು ಬಿರುಸಾಗಿ ಎಂದರೆ ಆ ಹೆಂಗಸು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಗುರುವಾಯನಕೆರೆಯಲ್ಲಿ ದಾರಿ ಕವಲೊಡೆಯುತ್ತದೆ. ವೇಣೂರಿಗೆ ಹೋಗುವವರು ಅಲ್ಲಿ ಇಳಿಯಬೇಕು. ಮನೆ ಹುಡುಕುವುದಾದರೆ ವೇಣೂರಿನಲ್ಲಿ ಎಂದುಕೊಂಡೇ ಅವಳು ಹೊರಟದ್ದು. ಬಸ್ಸು ನಿಂತಿತು. ವೇಣೂರು ಇಳಿಯಿರಿ ಎಂದು ಕಂಡಕ್ಟರ್ ಎರಡು ಸಲ ಕೂಗಿ ಅವಳ ಮುಖ ನೋಡಿದ. ಪ್ರೇಮಾವತಿ ಏಳಲಿಲ್ಲ.

"ಬೆಳ್ತಂಗಡಿಗೆ ಟಿಕೇಟು ಕೊಡಿ" ಎಂದಳು.

ಬೆಳ್ತಂಗಡಿಯ ಪೇಟೆಯಲ್ಲಿ ಬಾಡಿಗೆ ಮನೆ ಕೇಳಿದಲ್ಲೆಲ್ಲ ಒಂದೇ ಪ್ರಶ್ನೆ ಬಂತು, ಯಜಮಾನರು ಬರಲಿಲ್ಲವೋ ಎಂದು. ತಾಲೂಕು ಕಚೇರಿಯ ಹಿಂದಿನ ಮನೆಯ ಮುದುಕರು ಅವಳನ್ನು ಜಗಲಿಯ ಮೇಲೂ ಕರೆಯಲಿಲ್ಲ. ಒಂಟಿ ಹೆಂಗಸಿಗೆ ಕೊಟ್ಟು ನಾಳೆ ಮಾತು ಕೇಳುವವರು ಯಾರು ಎಂದು ಅಂಗಳದಲ್ಲೇ ಹೇಳಿ ಕಳಿಸಿದರು. ಶಾಲೆಯ ಗೇಟಿನ ಎದುರು ಹಸನಬ್ಬ ಎಂಬವರ ಜಿನಸಿನ ಅಂಗಡಿ. ಅಂಗಡಿಯ ಹಿಂದೆ ಅವರದೇ ಎರಡು ಕೋಣೆಯ ಹಂಚಿನ ಮನೆ ಖಾಲಿ ಬಿದ್ದಿತ್ತು. ಬಾವಿ ಅಂಗಳದಲ್ಲೇ ಇತ್ತು. ಹಸನಬ್ಬರೂ ಅದೇ ಪ್ರಶ್ನೆ ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ಕೇಳಬೇಕಾದ್ದೆಂದು.

"ಯಜಮಾನರಿಗೆ ಪುರುಸೊತ್ತಿಲ್ಲ. ಮನೆಯಲ್ಲಿ ಇರುವವಳು ನಾನು, ಬಾಡಿಗೆ ಕೊಡುವವಳೂ ನಾನು. ಆಗುವುದಿಲ್ಲ ಅಂತಾದ್ರೆ ಈಗಲೇ ಹೇಳಿ" ಎಂದಳು. ಸ್ವರ ತರಗತಿಯ ಹಿಂದಿನ ಬೆಂಚಿನವರೆಗೆ ಮುಟ್ಟುವಂಥದಾಗಿತ್ತು. ಅಂಗಡಿಗೆ ಬಂದಿದ್ದ ಇಬ್ಬರು ತಿರುಗಿ ನೋಡಿದರು.

ಹಸನಬ್ಬ ತಕ್ಕಡಿ ಕೆಳಗಿಟ್ಟರು. ಅಷ್ಟರಲ್ಲಿ ಒಳಬಾಗಿಲಿನ ಪರದೆಯ ಹಿಂದಿನಿಂದ ಅವರ ಹೆಂಡತಿ ರುಕಿಯಾ ಬ್ಯಾರಿ ಮಾತಿನಲ್ಲಿ ಏನೋ ಹೇಳಿದರು. ಹಸನಬ್ಬ ಒಂದು ಮಾತು ಹೇಳಿದರೆ ಒಳಗಿನಿಂದ ಮೂರು ಬಂತು. ಕೊನೆಗೆ ಅವರು ಮೊಳೆಯಿಂದ ಬೀಗದ ಕೈ ತೆಗೆದು, "ಸೈನಬ ಅಂತ ನಮ್ಮದೊಬ್ಬಳು ಮಗಳುಂಟು. ಅವಳನ್ನು ಶಾಲೆಗೆ ಸೇರಿಸುವುದಾದ್ರೆ ಮನೆ ಕೊಡಬಹುದು ಅಂತ ಹೇಳ್ತಾರೆ ಒಳಗೆ. ಒಳಗೆ ತೀರ್ಮಾನ ಆದ ಮೇಲೆ ನನ್ನದೇನುಂಟು" ಎಂದರು.

ಬಂಟ್ವಾಳಕ್ಕೆ ಹಿಂದಿರುಗುವಾಗ ಸಂಜೆಯಾಗಿತ್ತು. ಬೆಳಿಗ್ಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಂಕಪ್ಪ ಜಗಲಿಯ ಆರಾಮಕುರ್ಚಿಯಲ್ಲಿದ್ದ. ಹಗಲೆಲ್ಲ ಎಲ್ಲಿಗೆ ಹೋಗಿದ್ದೆ, ಮಗು ಪಕ್ಕದ ಮನೆಯಲ್ಲಿ ಉಣ್ಣಬೇಕಾಯಿತು ಎಂದು ಶುರುಮಾಡಿದ. ಅವಳು ಕಾಂತಿಯನ್ನು ಒಳಗೆ ಕಳಿಸಿದಳು. ಬೆಳ್ತಂಗಡಿಯಲ್ಲಿ ಮನೆ ಗೊತ್ತುಮಾಡಿ ಬಂದಿದ್ದೇನೆ ಎಂದಳು.

ಅವನು ಕುರ್ಚಿಯಿಂದ ಎದ್ದ. "ಯಾರನ್ನು ಕೇಳಿ?"

"ನೀವು ಯಾರನ್ನು ಕೇಳಿ ನನ್ನ ಹೆಸರು ಬರೆದಿರಿ?"

ಅವನ ಮುಖದ ಬಣ್ಣ ಇಳಿಯಿತು. ತಪ್ಪಾಯಿತು ಎನ್ನುತ್ತಾನೆಂದು ಅವಳು ಕಾದಳು. ಅದನ್ನು ಹೇಳಿದ್ದರೆ ಅವಳು ಏನು ಮಾಡುತ್ತಿದ್ದಳೋ. ಅವನು ಬಾಗಿಲಿನ ಕಡೆ ಒಮ್ಮೆ ನೋಡಿ, ಸ್ವರ ತಗ್ಗಿಸಿ ಕೇಳಿದ: "ಚಿನ್ನಯ್ಯನವರಿಗೆ ಗೊತ್ತಾಯ್ತಾ?"

"ನನ್ನದೇ ರುಜು ಅಂತ ಹೇಳಿ ಬಂದಿದ್ದೇನೆ."

ಸಂಕಪ್ಪ ಉಸಿರು ಬಿಟ್ಟ. ದೊಡ್ಡ ಭಾರ ಇಳಿಸಿದ ಕೂಲಿಯವನ ಹಾಗೆ, ಎದೆ ತುಂಬ ಎಳೆದುಕೊಂಡು ಬಿಟ್ಟ. ಕಾಗದಕ್ಕಿಂತಲೂ ಹೆಚ್ಚಾಗಿ ಆ ಒಂದು ಉಸಿರನ್ನು ಅವಳಿಗೆ ಕೊನೆಯವರೆಗೂ ಕ್ಷಮಿಸಲಾಗಲಿಲ್ಲ.

ಆಮೇಲೆ ಅವನು ಬಹಳ ಹೇಳಿದ. ಧಣಿಗಳು ಮಿಲ್ಲಿನಲ್ಲಿ ಎಲ್ಲರೆದುರು, ಹೆಂಡತಿ ಹೆಡ್‌ಮಿಸ್ಟ್ರೆಸ್ ಆದ ಮೇಲೆ ನೀನು ರೈಟರ್ ಕೆಲಸಕ್ಕೆ ಬರುತ್ತೀಯೋ, ಇಲ್ಲ ಅವಳ ಬ್ಯಾಗು ಹೊರುತ್ತೀಯೋ ಎಂದು ಕೇಳಿದರಂತೆ. ಅಕ್ಕಿ ಅಳೆಯುವವರೂ ನಕ್ಕರಂತೆ. ಆ ನಗು ಅವನನ್ನು ನಿಜವಾಗಿಯೂ ಸುಟ್ಟಿತ್ತೆಂದು ಅವಳಿಗೆ ತಿಳಿಯಿತು. ಬೇರೆ ದಿನವಾಗಿದ್ದರೆ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದಳು.

"ಅವರು ನಕ್ಕದ್ದಕ್ಕೆ ನೀವು ನನ್ನ ಕೈ ಕಡಿದು ಕೊಟ್ಟಿರಿ" ಎಂದಳು.

ಅವನು, ವೇಣೂರಾದರೆ ತನಗೆ ಆಗಬಹುದು, ನಾಳೆಯೇ ಇಬ್ಬರೂ ಹೋಗಿ ಮನೆ ನೋಡುವ ಎಂದ.

"ವೇಣೂರು ಇಂದು ಬೆಳಿಗ್ಗೆಯವರೆಗೆ ಇತ್ತು. ನಾನೂ ಕಾಂತಿಯೂ ಬರುವ ಬುಧವಾರ ಬೆಳ್ತಂಗಡಿಗೆ ಹೋಗ್ತೇವೆ. ನೀವು ಬರುವುದಾದ್ರೆ ಬನ್ನಿ. ಮೂಡುಬಿದಿರೆಯಲ್ಲಿ ಬಿಸಿ ಊಟ ಬೇಕಾದ್ರೆ ಹೋಟೇಲು ಉಂಟು."

ಬುಧವಾರ ಲಾರಿ ಬಂತು. ಹಿಂದಿನ ದಿನದವರೆಗೂ ಸಂಕಪ್ಪ ಬರುತ್ತೇನೆಂದೂ ಇಲ್ಲವೆಂದೂ ಹೇಳಿರಲಿಲ್ಲ. ಪಾತ್ರೆಯ ಗೋಣಿ, ಕಾಂತಿಯ ಪುಸ್ತಕದ ಪೆಟ್ಟಿಗೆ, ಕಡೆಯುವ ಕಲ್ಲು ಎಲ್ಲ ಏರಿದ ಮೇಲೆ ಅವನು ತನ್ನ ಟ್ರಂಕನ್ನು ತಾನೇ ಹೊತ್ತು ತಂದು ಲಾರಿಯ ಮೇಲೆ ತಳ್ಳಿದ. ಹೆಂಡತಿ ಮಗಳು ಒಂದು ಊರು, ಗಂಡ ಒಂದು ಊರು ಎಂದರೆ ಜನ ಆಡಿಕೊಳ್ಳದೆ ಬಿಡುತ್ತಾರೆಯೆ? ಬಂದದ್ದು ಅದಕ್ಕೋ, ಬೇರೆ ಕಾರಣಕ್ಕೋ, ಅವಳು ಕೇಳಲಿಲ್ಲ.

ಒಂದನೇ ತಾರೀಕು ಪ್ರೇಮಾವತಿ ರಸ್ತೆ ದಾಟಿ ಶಾಲೆಗೆ ಹೋಗಿ ಹಾಜರಿ ಪುಸ್ತಕದಲ್ಲಿ ಹೆಸರು ಬರೆದಳು. ವಾರದೊಳಗೆ ಸೈನಬಳ ಹೆಸರು ಒಂದನೆಯ ಕ್ಲಾಸಿನ ಪಟ್ಟಿ ಸೇರಿತು. ಸಂಕಪ್ಪ ಬೆಳಕು ಹರಿಯುವಾಗಲೇ ಎದ್ದು, ಅವಳು ಕಟ್ಟಿಕೊಟ್ಟ ಬುತ್ತಿಯೊಂದಿಗೆ ಆರು ಗಂಟೆಯ ಬಸ್ಸು ಹತ್ತುತ್ತಿದ್ದ. ಬುತ್ತಿ ಅವಳು ಒಂದು ದಿನವೂ ತಪ್ಪಿಸಲಿಲ್ಲ, ಮಾತು ಮಾತ್ರ ಬೇಕಾದಷ್ಟೇ ಆಡಿದಳು. ಮಿಲ್ಲಿನ ಕಟ್ಟೆಯ ಮೇಲೆ ಕುಳಿತು ಅವನು ತಣ್ಣಗಿನ ಅನ್ನ ಉಣ್ಣುತ್ತಿದ್ದ. ದಿನಕ್ಕೆ ಎರಡು ಸಲ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ, ವೇಣೂರನ್ನು ದಾಟುತ್ತಿದ್ದ.

ಮಳೆಗಾಲ ಕಳೆದು ದೀಪಾವಳಿಯೂ ಹೋಯಿತು. ರಸ್ತೆಯಲ್ಲಿ ಕೆಂಪು ಧೂಳು ಏಳತೊಡಗಿತು. ಒಂದು ಸಂಜೆ ಅವನು ಎಂದಿಗಿಂತ ತಡವಾಗಿ ಬಂದ. ತಲೆಕೂದಲು, ಹುಬ್ಬು, ಅಂಗಿಯ ಕಾಲರು ಎಲ್ಲ ಒಂದೇ ಬಣ್ಣವಾಗಿತ್ತು.

"ಬಸ್ಸು ಕೆಟ್ಟು ಹೋಯಿತು" ಎಂದ, ಅಂಗಳದಲ್ಲೇ ನಿಂತು. "ವೇಣೂರಿನಲ್ಲಿ. ಒಂದು ಗಂಟೆ ಕೂತೆವು."

ಪ್ರೇಮಾವತಿ ಜಗಲಿಯಲ್ಲಿ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು, ಬಾವಿಕಟ್ಟೆಗೆ ಹೋಗಿ ಒಂದು ಕೊಡ ನೀರು ಸೇದಿ ಮುಖಕ್ಕೆ ಎರಚಿಕೊಂಡ. ಇನ್ನೊಂದು ಸೇದಿ ಕಾಲಿಗೆ ಸುರಿದ. ನೀರು ಕೆಂಪಾಗಿ ಅಂಗಳದಲ್ಲಿ ಹರಿದು ಅವಳ ಕುರ್ಚಿಯ ಕೆಳಗಿನ ಮೆಟ್ಟಿಲವರೆಗೆ ಬಂತು. ಅವನು ಕಣ್ಣು ಮುಚ್ಚಿಕೊಂಡೇ ಒರೆಸಲು ಏನಾದರೂ ಸಿಕ್ಕೀತೇ ಎಂದು ಗಾಳಿಯಲ್ಲಿ ಕೈ ಆಡಿಸಿದ. ಮೈ ಒರೆಸುವ ಬೈರಾಸು ಅವಳ ಕೈಗೆಟುಕುವಷ್ಟು ಹತ್ತಿರ ಹಗ್ಗದ ಮೇಲೆ ನೇತಾಡುತ್ತಿತ್ತು. ಒಳಗೆ ಓದುತ್ತಿದ್ದ ಕಾಂತಿ ಪುಸ್ತಕ ಮಡಚಿ ಎದ್ದಳು.

"ಕೂತು ಓದು" ಎಂದಳು ಪ್ರೇಮಾವತಿ, ಮೆಲ್ಲಗೆ.

ಅವನ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ತಿದ್ದುತ್ತಿದ್ದ ಪುಟದಲ್ಲಿ ಕೆಂಪು ಶಾಯಿಯ ಪೆನ್ನು ನಿಂತಲ್ಲೇ ನಿಂತು ಒಂದು ದುಂಡು ಚುಕ್ಕೆ ಮಾಡಿತು. ಅದು ಮೆಲ್ಲನೆ ದೊಡ್ಡದಾಗುತ್ತಿತ್ತು.